ಒಂದೇ ಅಳತೆಯ ಮಷೀನು

ಮಣಿಪಾಲದ ಕೈಗಾರಿಕಾ ವಸಾಹತಿನಲ್ಲಿದ್ದ ವಿಲ್ಫ್ರೆಡ್ ಅವರ ವರ್ಕ್‌ಶಾಪು ಕರಾವಳಿಯ ಮೀನು ವ್ಯಾಪಾರಿಗಳಿಗೆಲ್ಲ ಗೊತ್ತಿತ್ತು. ಐಸಿನ ಗಟ್ಟಿಯನ್ನು ಕ್ಷಣದಲ್ಲಿ ಪುಡಿ ಮಾಡುವ ಮಷೀನು ತಯಾರಾಗುತ್ತಿದ್ದದ್ದು ಅಲ್ಲಿ. ಅದಕ್ಕೆ ಮುಂಚೆ ಕಾಪುವಿನಿಂದ ಪಡುಬಿದ್ರಿಯವರೆಗೆ ಎಲ್ಲರೂ ಮರದ ಕೊಡತಿಯಲ್ಲಿ ಐಸು ಕುಟ್ಟಿ ಮೀನಿನ ಪೆಟ್ಟಿಗೆಗೆ ಹಾಕುತ್ತಿದ್ದರು. ವಿಲ್ಫ್ರೆಡ್ ಅದನ್ನು ನೋಡಿದರು, ಉಕ್ಕಿನ ಹಲ್ಲಿರುವ ಉರುಳೆಯೊಂದನ್ನು ಮೋಟಾರಿಗೆ ಜೋಡಿಸಿದರು, ಕೆಲವೇ ವರ್ಷಗಳಲ್ಲಿ ಹೆಸರು ಮಾಡಿದರು.

ಅವರಲ್ಲಿ ಒಂದೇ ತೊಂದರೆ. ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಮಷೀನು ಗೇಟು ದಾಟುವಷ್ಟರಲ್ಲಿ ಅದಕ್ಕಿಂತ ಒಳ್ಳೆಯದೊಂದು ತಲೆಗೆ ಹೊಳೆಯುತ್ತಿತ್ತು. ಮರುದಿನ ಫೋರ್‌ಮನ್ ಹೂವಪ್ಪನನ್ನು ಕರೆದು, “ಹಲ್ಲು ಸ್ವಲ್ಪ ಓರೆ ಮಾಡುವ, ಶಾಫ್ಟು ದಪ್ಪ ಮಾಡುವ” ಎನ್ನುತ್ತಿದ್ದರು. ಹೂವಪ್ಪ ತಲೆ ಕೆರೆದುಕೊಂಡು ಮಾಡುತ್ತಿದ್ದ. ಆಫೀಸು ನೋಡಿಕೊಳ್ಳುತ್ತಿದ್ದ ಸ್ವರ್ಣಲತಾ ಮಾತ್ರ, “ಸರ್, ಹಳೆಯದಕ್ಕೆ ಏನಾಗಿತ್ತು?” ಎಂದು ಕೇಳುತ್ತಿದ್ದಳು. ಎರ್ಮಾಳಿನ ಮೀನು ವ್ಯಾಪಾರದ ಮನೆಯ ಹುಡುಗಿ ಅವಳು, ಬಿ.ಕಾಂ. ಮುಗಿಸಿ ಬಂದವಳು. ಗಿರಾಕಿಗಳ ಬೈಗುಳ ಫೋನಿನಲ್ಲಿ ಮೊದಲು ಬೀಳುತ್ತಿದ್ದದ್ದು ಅವಳ ಕಿವಿಗೆ.

೧೯೮೩ರಲ್ಲಿ, ಮಳೆಗಾಲ ಕಳೆದು ಬೋಟುಗಳು ಕಡಲಿಗಿಳಿದ ಹೊಸತು. ಕಾಪುವಿನ ವ್ಯಾಪಾರಿ ದೇಜಪ್ಪ ಒಂದು ಬೆಳಿಗ್ಗೆ ತುಂಡಾದ ಹಲ್ಲಿನ ಪಟ್ಟಿಯನ್ನು ತಂದು ವಿಲ್ಫ್ರೆಡರ ಮೇಜಿನ ಮೇಲೆ ಕುಕ್ಕಿದ.

“ಪೊರ್ಬುಗಳೇ, ಶೆಡ್ಡಿನಲ್ಲಿ ಬಂಗುಡೆ ರಾಶಿ ಬಿದ್ದುಂಟು. ನಿಮ್ಮ ಮಷೀನು ನಿಂತಿದೆ. ಪಕ್ಕದವನ ಹತ್ತಿರವೂ ನಿಮ್ಮದೇ ಮಷೀನು. ಅವನ ಪಟ್ಟಿ ತಂದು ಹಾಕಿ ನೋಡಿದೆ, ಕೂರುವುದೇ ಇಲ್ಲ!”

“ಅದು ಈ ವರ್ಷದ್ದು, ಅದಕ್ಕೇ” ಎಂದರು ವಿಲ್ಫ್ರೆಡ್. “ನಿಮ್ಮದು ಹಳೆಯದು. ನಿಮಗೂ ಹೊಸ ಉರುಳೆ ಹಾಕಿಸುವ, ಬಹಳ ಒಳ್ಳೆಯದುಂಟು.”

“ನನಗೆ ಒಳ್ಳೆಯದು ಬೇಡ ಮಾರಾಯ್ರೇ, ಇದೇ ಬೇಕು!”

ಅದು ವರ್ಕ್‌ಶಾಪಿನಲ್ಲಿ ಎಲ್ಲಿಯೂ ಇರಲಿಲ್ಲ. ವಿಲ್ಫ್ರೆಡ್ ಉಕ್ಕಿನ ತುಂಡು, ಅರ ಹಿಡಿದುಕೊಂಡು ದೇಜಪ್ಪನ ಜೊತೆ ಟೆಂಪೋ ಹತ್ತಿದರು. ಕಾಪುವಿನ ಶೆಡ್ಡಿನಲ್ಲಿ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಐಸು ಕುಟ್ಟುತ್ತಿದ್ದರು. ಅವರ ನಡುವೆ ನೆಲದ ಮೇಲೆ ಕೂತು ಪಟ್ಟಿಯನ್ನು ಉಜ್ಜಿ ಉಜ್ಜಿ ಹೊಂದಿಸುವಾಗ ಮಧ್ಯಾಹ್ನವಾಯಿತು. ಮೀನು ಉಳಿಯಿತು, ನಿಜ. ಆದರೆ ಬಿಸಿಲಲ್ಲಿ ಬಸ್ಸಿಗೆ ಕಾಯುತ್ತ ನಿಂತ ವಿಲ್ಫ್ರೆಡ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇಡೀ ಕರಾವಳಿಯಲ್ಲಿ ತಾನು ಕೊಟ್ಟ ಮಷೀನುಗಳಿವೆ. ಒಂದರ ಹಾಗೆ ಇನ್ನೊಂದಿಲ್ಲ. ಪ್ರತಿಯೊಂದು ನಿಂತಾಗಲೂ ತಾನೇ ಓಡಬೇಕು. ಹೀಗೆ ಎಷ್ಟು ಕಾಲ?

ಮರಳಿ ಬಂದಾಗ ಸ್ವರ್ಣಲತಾ ಇನ್ನೊಂದು ಸುದ್ದಿ ಇಟ್ಟುಕೊಂಡು ಕೂತಿದ್ದಳು. “ಪಡುಬಿದ್ರಿಯ ಮೀನು ವ್ಯಾಪಾರಿಗಳ ಸಂಘದವರು ಬಂದಿದ್ದರು, ಸರ್. ಒಂದು ಡಜನ್ ಮಷೀನು ಬೇಕಂತೆ. ಆದರೆ ಎಲ್ಲವೂ ಒಂದೇ ಅಳತೆಯದ್ದಾಗಬೇಕು. ನಿಮ್ಮಿಂದ ಆಗುತ್ತದಾ ಎಂದು ಕೇಳಿದರು.”

“ನೀವು ಎಂತ ಹೇಳಿದಿರಿ?”

“ಸರ್ ಬರಲಿ, ಕೇಳಿ ಹೇಳ್ತೇನೆ ಅಂದೆ.”

ವಿಲ್ಫ್ರೆಡ್ ಕುರ್ಚಿಯಲ್ಲಿ ಕುಸಿದು ಕೂತರು. ಸುಳ್ಳು ಹೇಳುವ ಮನಸ್ಸಾಗಲಿಲ್ಲ. “ನನ್ನಿಂದ ಆಗುವುದಿಲ್ಲ, ಸ್ವರ್ಣಲತಾ. ಮೂರನೆಯದು ಮಾಡುವಾಗ ನಾನು ಏನಾದರೂ ಬದಲಾಯಿಸಿಯೇ ಬಿಡ್ತೇನೆ. ನನ್ನನ್ನು ತಡೆಯುವವರು ಬೇಕು. ನೀವು ತಡೀತೀರಾ?”

ಅವಳು ತಿರುಗಿ ಕೇಳಿದಳು: “ಕೆಲಸದವರ ಎದುರು ನಾನು ಬೇಡ ಅಂದರೆ, ನೀವು ಕೇಳ್ತೀರಾ?”

“ಕೇಳದೆ ಎಂತ ಮಾಡುವುದು?”

“ಹಾಗಾದರೆ ಗೇಟಿನಿಂದ ಹೊರಗೆ ಹೋಗುವ ಮಷೀನು ಹೇಗಿರಬೇಕು ಎಂದು ನಾನು ಹೇಳುವುದು. ಬದಲಾವಣೆ ವರ್ಷಕ್ಕೆ ಒಮ್ಮೆ, ಮಳೆಗಾಲದಲ್ಲಿ, ಬೋಟುಗಳು ದಡದಲ್ಲಿರುವಾಗ. ನಿಮಗೆ ಹಿಂದಿನ ಶೆಡ್ಡು ಬಿಟ್ಟುಕೊಡುವ. ಅಲ್ಲಿ ನೀವು ಎಂತ ಬೇಕಾದರೂ ಮಾಡಿ, ಯಾರೂ ಕೇಳುವುದಿಲ್ಲ.”

ಮರುದಿನ ವಿಲ್ಫ್ರೆಡ್ ಎಲ್ಲರನ್ನೂ ಸೇರಿಸಿ ತಾವೇ ಈ ಮಾತು ಹೇಳಿದರು. ಸ್ವರ್ಣಲತಾ ಇನ್ನು ಮ್ಯಾನೇಜರ್. ಹೂವಪ್ಪ ಇಬ್ಬರ ಮುಖವನ್ನೂ ನೋಡಿದ, ನಂಬಿದ ಹಾಗೆ ಕಾಣಲಿಲ್ಲ.

ತಿಂಗಳು ಕಳೆಯುವುದರೊಳಗೆ ಪರೀಕ್ಷೆ ಬಂತು. ಸಂಘದ ಮಷೀನುಗಳು ಅರ್ಧ ಆಗಿದ್ದವು. ವಿಲ್ಫ್ರೆಡರಿಗೆ ಸ್ನಾನ ಮಾಡುವಾಗ ಐಸು ಸುರಿಯುವ ಬಾಯಿಯನ್ನು ಅಗಲಿಸುವ ಉಪಾಯ ಹೊಳೆಯಿತು. ತಲೆ ಒರೆಸಿಕೊಂಡವರೇ ವರ್ಕ್‌ಶಾಪಿಗೆ ಓಡಿದರು. “ಹೂವಪ್ಪಾ, ಇಲ್ಲಿ ಸ್ವಲ್ಪ ಕತ್ತರಿಸು.”

ಹೂವಪ್ಪ ಕೈಯಲ್ಲಿದ್ದ ಗ್ಯಾಸ್ ಕಟ್ಟರನ್ನು ಕೆಳಗಿಟ್ಟ. “ಸ್ವರ್ಣಕ್ಕನವರನ್ನು ಒಮ್ಮೆ ಕೇಳಿ, ಸರ್.”

ವಿಲ್ಫ್ರೆಡರಿಗೆ ಸಿಟ್ಟು ನೆತ್ತಿಗೇರಿತು. ತನ್ನ ವರ್ಕ್‌ಶಾಪು, ತನ್ನ ಮಷೀನು! ದಡದಡನೆ ಆಫೀಸಿಗೆ ಹೋಗಿ ಉಪಾಯ ವಿವರಿಸಿದರು. ಸ್ವರ್ಣಲತಾ ಕೊನೆಯವರೆಗೂ ಕೇಳಿದಳು.

“ಒಳ್ಳೆಯದುಂಟು ಸರ್. ಮಳೆಗಾಲಕ್ಕೆ ಮಾಡುವ. ಈಗ ಬೇಡ.”

ಹೊರಗೆ ಕೆಲಸದ ಸದ್ದು ನಿಂತಿತ್ತು. ಎಲ್ಲರೂ ಕಿವಿ ಇತ್ತಲೇ ಇಟ್ಟಿದ್ದಾರೆಂದು ಇಬ್ಬರಿಗೂ ಗೊತ್ತು. ಅವಳ ಮುಖ ಬಿಳಿಚಿಕೊಂಡಿದ್ದನ್ನು ವಿಲ್ಫ್ರೆಡ್ ಆಗ ಗಮನಿಸಿದರು. ಅವಳಿಗೂ ಹೆದರಿಕೆ ಇದೆ. ಹೆದರಿಕೊಂಡೇ ಕೊಟ್ಟ ಮಾತಿಗೆ ನಿಂತಿದ್ದಾಳೆ. ಅವರ ಸಿಟ್ಟು ಇಳಿಯಿತು.

“ಆಯ್ತು, ಬೇಡ” ಎಂದು ಹೊರಗೆ ಕೇಳಿಸುವ ಹಾಗೆ ಹೇಳಿ ಬಂದರು. ಹೂವಪ್ಪ ಕಟ್ಟರು ಎತ್ತಿಕೊಂಡ. ಸದ್ದು ಮತ್ತೆ ಶುರುವಾಯಿತು.

ಹೇಳಿದ ದಿನಕ್ಕೆ ಸಂಘದ ಲಾರಿ ತುಂಬಿತು. ಆಮೇಲೂ ಮಷೀನುಗಳು ಕೆಟ್ಟವು, ಕೆಡದೆ ಇರುತ್ತವೆಯೇ? ಆದರೆ ಪಟ್ಟಿ ಬೇಕಾದವರು ಬಂದು ಕಪಾಟಿನಿಂದ ತೆಗೆದುಕೊಂಡು ಹೋಗುತ್ತಿದ್ದರು. ಯಾರು ಬಂದರು, ಯಾರು ಹೋದರು ಎಂಬುದೂ ವಿಲ್ಫ್ರೆಡರಿಗೆ ತಿಳಿಯುತ್ತಿರಲಿಲ್ಲ. ಮೊದಮೊದಲು ಅದು ವಿಚಿತ್ರವೆನಿಸಿತು. ಆಮೇಲೆ ಒಂದು ದಿನ, ಫೋನು ಬಡಿದುಕೊಂಡಾಗ ತಾನು ಕೈಯ ಕೆಲಸ ಬಿಟ್ಟು ತಲೆಯೆತ್ತಿಯೂ ನೋಡಲಿಲ್ಲವಲ್ಲ ಎಂದು ಅವರಿಗೇ ಆಶ್ಚರ್ಯವಾಯಿತು. ಹೆಂಡತಿ ಸೆಲೀನ್, “ನೀವು ಈಗ ಊಟಕ್ಕೆ ಕೂತರೆ ಊಟವನ್ನೇ ಮಾಡ್ತೀರಿ” ಎಂದು ನಕ್ಕಳು.

ಒಂದು ಸಂಜೆ ಹಿಂದಿನ ಶೆಡ್ಡಿನಿಂದ ಢಮ್ಮೆಂಬ ಸದ್ದು ಬಂತು. ಸ್ವರ್ಣಲತಾ ಓಡಿ ಬಂದು ಇಣುಕಿದಳು. ಗೋಡೆಯ ಮೇಲೆಲ್ಲ ಐಸಿನ ರಾಡಿ ಸಿಡಿದಿತ್ತು. ಅಂಗಿಯಿಂದ ನೀರು ಸೋರುತ್ತ ವಿಲ್ಫ್ರೆಡ್ ನಿಂತಿದ್ದರು.

“ಎಂತ ಆಯ್ತು ಸರ್?”

“ಪೂರಾ ಹಾಳಾಯ್ತು!” ಎಂದು ಅವರು ಗಟ್ಟಿಯಾಗಿ ನಕ್ಕರು. ಆ ಮಷೀನಿಗಾಗಿ ಯಾವ ಮೀನಿನ ಶೆಡ್ಡಿನಲ್ಲಿಯೂ ಯಾರೂ ಕಾಯುತ್ತಿರಲಿಲ್ಲ. ಅವರು ಕನ್ನಡಕ ಒರೆಸಿಕೊಂಡು, ಉರುಳೆ ಎಲ್ಲಿ ಬಿರುಕು ಬಿಟ್ಟಿದೆಯೆಂದು ನೋಡಲು ಬಾಗಿದರು.