ಹನ್ನೊಂದು ಗಂಟೆಯ ಶುಗರ್

ಬೀದರಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ಡಾ. ಪ್ರಿಸಿಲ್ಲಾ ಹದಿನಾಲ್ಕು ವರ್ಷಗಳಿಂದ ಹೊಸ ವೈದ್ಯರಿಗೆ ಕಲಿಸುತ್ತಿದ್ದರು. ಆ ವರ್ಷ ಅವರ ಕೈಕೆಳಗೆ ಬಂದವನು ಭಾಲ್ಕಿಯ ಮಂಗೇಶ. ಪುಸ್ತಕದ ಪ್ರಶ್ನೆಗಳಿಗೆಲ್ಲ ಥಟ್ಟನೆ ಉತ್ತರಿಸುತ್ತಿದ್ದ. ರೋಗಿಯ ಮಂಚದ ಹತ್ತಿರ ಮಾತ್ರ ತಡವರಿಸುತ್ತಿದ್ದ.

ಸೋಮವಾರ ಓಪಿಡಿಯ ಸಾಲು ಬಾಗಿಲಾಚೆ ಬೆಳೆದಿತ್ತು. ಅವನು ಮೂರನೇ ಸಲ ಏನೋ ಕೇಳಲು ಬಂದಾಗ ಪ್ರಿಸಿಲ್ಲಾ ಎಲ್ಲರೆದುರೇ ರೇಗಿದರು.

"ಇಷ್ಟ್ ಸಣ್ಣದಕ್ಕೂ ನನಗ ಕೇಳ್ತಿಯೇನು? ಡಾಕ್ಟರ್ ಆಗೀದಿ, ಸಾಲಿ ಹುಡುಗನ್ಹಂಗ ಮಾಡಬ್ಯಾಡ."

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿದ್ದ ಔರಾದಿನ ಟೇಲರ್ ಅಬ್ದುಲ ವಾಹೀದ ವಾಂತಿಯಾಗಿ ನಾಷ್ಟಾ ಬಿಟ್ಟಿದ್ದರು. ಸಕ್ಕರೆ ಕಾಯಿಲೆಯವರು. ತಿನ್ನದವರಿಗೆ ಇನ್ಸುಲಿನ್ ಕೊಟ್ಟರೆ ಸಕ್ಕರೆ ತೀರ ಇಳಿಯಬಹುದು; ಕೊಡಬೇಕೋ ಬೇಡವೋ ಮಂಗೇಶನಿಗೆ ತಿಳಿಯಲಿಲ್ಲ. ಫೋನ್ ತೆಗೆದ, ಮತ್ತೆ ಜೇಬಿಗಿಟ್ಟ. ಎಂದಿನಷ್ಟೇ ಕೊಡಿಸಿದ. ಹನ್ನೊಂದಕ್ಕೆ ಶುಗರ್ ನೋಡಬೇಕಿತ್ತು. ಮೂವತ್ತೆಂಟು ರೋಗಿಗಳ ನಡುವೆ ಮರೆತ. ರೌಂಡ್ಸ್ ಹೊತ್ತಿಗೆ ಖಾಲಿ ಬಿಡಲು ಹೆದರಿ ಚಾರ್ಟಿನಲ್ಲಿ ೧೩೨ ಎಂದು ಬರೆದ.

ಹನ್ನೆರಡೂವರೆಗೆ ಪ್ರಿಸಿಲ್ಲಾ ಬಂದಾಗ ವಾಹೀದ ಬೆವರಿನಲ್ಲಿ ತೊಯ್ದು ಪ್ರಜ್ಞೆ ತಪ್ಪಿದ್ದರು. ಚಾರ್ಟಿನಲ್ಲಿ ಶುಗರ್ ಸರಿಯಿದೆ. ಹಾಗಾದರೆ ಪಾರ್ಶ್ವವಾಯು ಎಂದುಕೊಂಡು ಸ್ಕ್ಯಾನಿಗೆ ಕಳಿಸಿದರು. ಅದರಲ್ಲೇನೂ ಕಾಣಲಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ನರ್ಸ್ ಎಡಿತ ಬೆರಳು ಚುಚ್ಚಿ ನೋಡಿದರು. ಶುಗರ್ ಇಪ್ಪತ್ತೆರಡಕ್ಕೆ ಇಳಿದಿತ್ತು, ಜೀವಕ್ಕೇ ಅಪಾಯವಾಗುವಷ್ಟು.

ಗ್ಲೂಕೋಸ್ ಹೋದ ಮೇಲೆ ವಾಹೀದ ಕಣ್ಣು ತೆರೆದರು. ಹೆಂಡತಿಯನ್ನು ಗುರುತಿಸಲಿಲ್ಲ.

"ಈ ೧೩೨ರ ಆಂಕಡಾ ಎಲ್ಲಿಂದ ಬಂತು?" ಪ್ರಿಸಿಲ್ಲಾ ಕೇಳಿದರು.

"ನೋಡಿರಲಿಲ್ರಿ ಮೇಡಂ," ಎಂದ ಮಂಗೇಶ. "ಮುಂಜಾನಿ ನಿಮಗ ಫೋನ್ ಮಾಡಬೇಕಂತ ಇದ್ದೆರಿ. ಬೈತೀರಿ ಅಂತ ಅಂಜಿದೆ."

ಪ್ರಿಸಿಲ್ಲಾ ಚಾರ್ಟನ್ನು ಮುಚ್ಚಿದರು.

"ಅಂಜಿಸಿದ್ದು ನಾನು. ಸುಳ್ಳು ಬರದದ್ದು ನೀನು. ನಾನೂ ನೋಡಲಾರದ ನಂಬಿದೆ. ಎಲ್ಲಾ ಅವರ ಹೆಂಡತಿಗೆ ಹೇಳಬೇಕು, ಬಾ."

ವಿಭಾಗದ ಮುಖ್ಯಸ್ಥ ಮಲ್ಲಿಕಾರ್ಜುನ ತಡೆದರು. "ಹುಡುಗನ ಜಿಂದಗಿ ಹಾಳಾಗ್ತದ್ರಿ. ಆಸ್ಪತ್ರಿ ಹೆಸರೂ ಹೋಗ್ತದ. ರೋಗದಿಂದ ಹಿಂಗಾತು ಅಂದುಬಿಡ್ರಿ."

"ಹಂಗಂದ್ರ ಇವನಿಗೆ ನಾನು ಏನು ಕಲಿಸಿದಂಗಾತ್ರಿ ಸರ್?"

ವಾಹೀದರ ಹೆಂಡತಿ ಎಲ್ಲವನ್ನೂ ಕೇಳಿದರು. ಕೂಗಾಡಲಿಲ್ಲ. "ಮೊದಲಿನಂಗ ಆಗ್ತಾರೇನ್ರಿ?" ಎಂದಷ್ಟೇ ಕೇಳಿದರು.

"ಗೊತ್ತಿಲ್ಲಮ್ಮಾ," ಎಂದರು ಪ್ರಿಸಿಲ್ಲಾ.

ಎಂಟು ದಿನಕ್ಕೆ ವಾಹೀದರಿಗೆ ಹೆಂಡತಿಯ ಹೆಸರು ನೆನಪಾಯಿತು. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳುಗಳು ತಡಕಾಡುತ್ತಿದ್ದವು. ಹಾಗೇ ಔರಾದಿಗೆ ಹೋದರು.

ಪ್ರಿಸಿಲ್ಲಾರಿಗೆ ನೋಟಿಸ್ ಬಂತು, ಮಂಗೇಶನಿಗೆ ಒಂದು ತಿಂಗಳ ಅಮಾನತು. ತಿರುಗಿ ಬಂದ ದಿನ ಅವನು ವಾರ್ಡಿನ ಬಾಗಿಲಲ್ಲೇ ನಿಂತ.

"ನನಗ ಪೇಶಂಟ್ ಕೊಡ್ತೀರೇನ್ರಿ ಮೇಡಂ?"

ಕೊಡಲು ಅವರಿಗೂ ಧೈರ್ಯವಿರಲಿಲ್ಲ. ಆದರೂ ಮೊದಲ ಮಂಚದ ಚಾರ್ಟನ್ನು ಅವನ ಕೈಗಿತ್ತು, ಪಕ್ಕದಲ್ಲೇ ನಿಂತರು.