ಟೋಪಿ ಎತ್ತಿದವನು

ಚೆಂಡು ಎದುರಾಳಿಗಳ ಕೈಯಲ್ಲಿದ್ದಾಗ ಗಂಟಲು ಹರಿಯುವಂತೆ ಕೂಗಬೇಕು, ನಮ್ಮ ಹುಡುಗರ ಕೈಗೆ ಬಂದಾಗ ಬಾಯಿ ಮುಚ್ಚಬೇಕು. ಆಟ ನಡೆಸುವ ನಮ್ಮ ಕ್ವಾರ್ಟರ್‌ಬ್ಯಾಕ್ ಕೂಗಿ ಹೇಳುವ ಸಂಕೇತ ಅವನ ಜೊತೆಗಾರರಿಗೆ ಕೇಳದಿದ್ದರೆ ಆಟ ಕೆಟ್ಟಿತು. ಜಾರ್ಜಿಯಾದ ನಮ್ಮ ಊರಿನಲ್ಲಿ ಅಮೆರಿಕನ್ ಫುಟ್‌ಬಾಲಿನ ಈ ಪಾಠವನ್ನು ಹಾಲುಹಲ್ಲಿನ ಮಕ್ಕಳಿಗೂ ಹೇಳಿಕೊಡಬೇಕಾಗಿರಲಿಲ್ಲ.

ಮೂವತ್ತೆಂಟು ವರ್ಷ ನಾನು ಕಾಲೇಜು ಮೈದಾನದ ಹದಿನಾಲ್ಕನೇ ಗ್ಯಾಲರಿಯಲ್ಲಿ, ಅದೇ ಬೆಂಚಿನ ಮೇಲೆ ಕೂತಿದ್ದೇನೆ. ಚೆಂಡು ನಮ್ಮದಾದಾಗ ಎದ್ದು ನಿಂತು ಹುಲ್ಲಿನ ಟೋಪಿ ಎತ್ತುತ್ತಿದ್ದೆ. ನಮ್ಮ ಗ್ಯಾಲರಿ ಸುಮ್ಮನಾಗುತ್ತಿತ್ತು. ಅದನ್ನು ನೋಡಿ ಪಕ್ಕದ್ದು, ಆಮೇಲೆ ಇಡೀ ಮೈದಾನ. ಮರಗೆಲಸದ ಮೇಷ್ಟ್ರಾಗಿ ನನ್ನ ಕ್ಲಾಸಿನಲ್ಲಿ ಅಂಥ ಮೌನ ಒಂದು ದಿನವೂ ನನಗೆ ಸಿಕ್ಕಿರಲಿಲ್ಲ.

ಮೂರು ವರ್ಷದ ಹಿಂದೆ ನಾಲ್ಕು ಅಂತಸ್ತಿನ ಎತ್ತರದ ಪರದೆ ತಂದು ನಿಲ್ಲಿಸಿದರು. ಯಾವಾಗ ಚಪ್ಪಾಳೆ, ಯಾವಾಗ ಕೂಗು, ಎಲ್ಲ ಅದೇ ಹೇಳುತ್ತದೆ. ಹುಡುಗರ ಬ್ಯಾಂಡು ಬಾರಿಸುವಾಗಲೇ ಸ್ಪೀಕರಿನಲ್ಲಿ ಕಾರಿನ ಜಾಹೀರಾತು ಅರಚುತ್ತದೆ. ಮೂಗಿನ ಕೆಳಗೆ ಆಟಗಾರರು ಬೆವರು ಸುರಿಸುತ್ತಿದ್ದರೆ ಜನ ಅವರನ್ನು ಪರದೆಯ ಮೇಲೆ ನೋಡುತ್ತಾರೆ. ಕುರಿಯಾದರೂ ತಾನು ಮೇಯುವ ಹುಲ್ಲನ್ನು ನೋಡುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ.

ಈ ವರ್ಷ ಹೊಸ ಕಾನೂನು. ಆಟ ನಡೆಯುವಾಗ ಎದ್ದು ನಿಲ್ಲುವಂತಿಲ್ಲ. ಹಿಂದೆ ಕೂತವರು ಫೋನಿನಲ್ಲೇ ದೂರು ಕೊಡುತ್ತಾರೆ. ನನಗೆ ಆಗಲೇ ಎರಡು ಎಚ್ಚರಿಕೆ ಬಂದಿತ್ತು. ಮೂರನೆಯದಾದರೆ ನಮ್ಮ ಜಾಗ ಶಾಶ್ವತವಾಗಿ ಹೋಯಿತು. ನನ್ನ ಹೆಂಡತಿ ವೈನೆಲ್ ಮದುವೆಯಾದ ಮರುವಾರವೇ ಬಂದು ಕೂತ ಬೆಂಚು ಅದು. ಋತುವಿನ ಕೊನೆಯ ಆಟಕ್ಕೆ ಹೊರಡುವಾಗ ಅವಳು ನನ್ನಿಂದ ಆಣೆ ಹಾಕಿಸಿಕೊಂಡಳು. ಸಾಲದೆಂದು ಟೋಪಿಯನ್ನೂ ಕಿತ್ತುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಬೇಯಿಸಿದ ಕಡಲೆಕಾಯಿ ತಿನ್ನುತ್ತಾ ಕೊನೆಯ ನಿಮಿಷದವರೆಗೂ ಕೂತೇ ಇದ್ದೆ. ನಾವು ನಾಲ್ಕು ಅಂಕ ಹಿಂದೆ. ಚೆಂಡು ದಾಟಿಸಿದರೆ ಆರು ಅಂಕ ಸಿಗುವ ಗೆರೆ ಎರಡೇ ಗಜ ದೂರ. ಚೆಂಡು ನಮ್ಮದು. ಈಗ ಕೆಮ್ಮಿದರೂ ಪಾಪ.

ಆಗ ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಕೂಗಿ, ಇನ್ನೂ ಜೋರಾಗಿ ಕೂಗಿ.

ಪರದೆ ನಡೆಸುವ ಗಾಜಿನ ಕೋಣೆಯಲ್ಲಿ ಕೂತವನು ಯಾವನೋ ತಪ್ಪು ಗುಂಡಿ ಒತ್ತಿದ್ದ. ಹೋಗಲಿ, ಕೂಲಿಗೆ ಬಂದವನು. ಆದರೆ ಮೂವತ್ತು ಸಾವಿರ ಜನ ಕೂಗಿದರಲ್ಲ. ನಮ್ಮದೇ ಬಣ್ಣದ ಅಂಗಿ ತೊಟ್ಟು, ಮುಖ ಕೆಂಪಗೆ ಮಾಡಿಕೊಂಡು, ನಮ್ಮ ಹುಡುಗರ ಮೇಲೆಯೇ ಕೂಗಿದರು. ಕೆಳಗೆ ನಮ್ಮ ಕ್ವಾರ್ಟರ್‌ಬ್ಯಾಕ್ ಎರಡೂ ಕೈ ತಗ್ಗಿಸಿ ಸುಮ್ಮನಿರಿ, ಸುಮ್ಮನಿರಿ ಎಂದು ಬೇಡುತ್ತಿದ್ದ. ಅವನ ಕಡೆ ನೋಡುವವರೇ ಇರಲಿಲ್ಲ.

"ಬೇಡ ಡೆಲ್ಮರ್," ಎಂದಳು ವೈನೆಲ್. ಆಮೇಲೆ ಆ ಹುಡುಗನನ್ನು ನೋಡಿದಳು. ಟೋಪಿಯನ್ನು ನನ್ನ ಕೈಗೆ ತುರುಕಿದಳು.

ಬೆಂಚು ಹತ್ತಿ ಟೋಪಿ ಎತ್ತಿದೆ. "ಬಾಯ್ಮುಚ್ರೋ, ಚೆಂಡು ನಮ್ದು ಕಣ್ರೋ," ಎಂದು ಅರಚಿದೆ. ನಾಲ್ಕೈದು ನರೆತ ತಲೆಗಳು ಸುಮ್ಮನಾದವು, ಅಷ್ಟೇ. ಸಂಕೇತ ಕೇಳಿಸದೆ ನಮ್ಮವನೊಬ್ಬ ಮುಂಚೆಯೇ ನುಗ್ಗಿದ. ತಪ್ಪಿಗೆ ಐದು ಗಜ ಹಿಂದಕ್ಕೆ ಹಾಕಿದರು. ಮುಂದಿನ ಎಸೆತ ಎದುರಾಳಿಯ ತೋಳಿಗೆ ಹೋಗಿ ಬಿತ್ತು. ಮುಗಿಯಿತು.

ಕಾವಲಿನ ರೊಂಡಾ ಮೆಟ್ಟಿಲು ಹತ್ತಿ ಬಂದಳು. ನನ್ನ ಕ್ಲಾಸಿನಲ್ಲಿ ಕುಂಟು ಸ್ಟೂಲು ಮಾಡಿದ ಹುಡುಗಿ, ಈಗ ಅವಳಿಗೂ ನಲವತ್ತು ದಾಟಿದೆ.

"ಬನ್ನಿ ಮೇಷ್ಟ್ರೇ. ನನ್ ಬಾಯಲ್ಲಿ ಹೇಳಿಸ್ಬೇಡಿ."

ಚೆಂಡು ನಮ್ಮದಿದ್ದಾಗ ಕೂಗಬಾರದೆಂದು ನಿನಗೂ ಮರೆತು ಹೋಯಿತೇ ಎಂದು ಕೇಳಿದೆ.

"ಮರ್ತಿಲ್ಲ ಮೇಷ್ಟ್ರೇ. ಆದ್ರೆ ಕೂಗೋರ ಮೇಲೆ ಯಾರೂ ದೂರು ಕೊಡಲ್ಲ."

ಮೆಟ್ಟಿಲು ಇಳಿಯುತ್ತಿದ್ದಂತೆ ಜನ ನನ್ನನ್ನು ತೋರಿಸಿ ಚಪ್ಪಾಳೆ ತಟ್ಟತೊಡಗಿದರು. ತಿರುಗಿ ನೋಡಿದೆ. ಪರದೆಯ ತುಂಬ ನನ್ನದೇ ಮುಖ. ಟೋಪಿ ಎತ್ತಿಕೊಂಡು, ಬಾಯಿ ಗವಿಯಷ್ಟು ತೆರೆದುಕೊಂಡು ನಿಂತಿದ್ದೇನೆ. ಮಾತು ಕೇಳಿಸುತ್ತಿಲ್ಲ. ಕೆಳಗೆ ಬರೆದಿತ್ತು: ಇವತ್ತು ಎಲ್ಲರಿಗಿಂತ ಜೋರಾಗಿ ಕೂಗಿದ ಅಭಿಮಾನಿ.

ಬಾಗಿಲಲ್ಲಿ ರೊಂಡಾ ನಮ್ಮಿಬ್ಬರ ಸೀಟಿನ ಕಾರ್ಡು ಇಸಿದುಕೊಂಡಳು. ಮೇಲಿನವರು ಕೊಡಲು ಹೇಳಿದ್ದಾರೆಂದು, ತಲೆ ಎತ್ತದೆ, ಬಹುಮಾನ ನೀಡಿದಳು. ಕಾಲೇಜಿನ ಚಿತ್ರವಿದ್ದ ಹೊಸ ಟೋಪಿ. ಜೀವಮಾನದಲ್ಲಿ ಇಂಥ ಟೋಪಿ ನನಗೆ ಯಾರೂ ಹಾಕಿರಲಿಲ್ಲ.