ಖಾಲಿ ಹೊಟ್ಟೆಯ ರಕ್ತ

ನನ್ನ ಕಾಲಿಗೆ ಚಕ್ರ ಕಟ್ಟಿದೆ ಅಂತ ನಮ್ಮಮ್ಮ ಬೈಯುತ್ತಿದ್ದಳು. ಕೊನೆಗೆ ಆ ಚಕ್ರಕ್ಕೇ ಸಂಬಳ ಕೊಡುವ ಕೆಲಸ ಸಿಕ್ಕಿತು. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರ ಲೈನುಗಳಲ್ಲಿ ಒಂದಷ್ಟು ಮನೆ, ಬೇತಮಂಗಲದ ಕಡೆಯ ಹಳ್ಳಿಗಳಲ್ಲಿ ಒಂದಷ್ಟು ಮನೆ ಆರಿಸಿಕೊಂಡು, ಅದೇ ಜನರನ್ನು ವರ್ಷ ವರ್ಷ ಬಿಡದೆ ಪರೀಕ್ಷೆ ಮಾಡುವ ಆರೋಗ್ಯದ ಅಧ್ಯಯನ ಇದು. ಗಣಿ ಧೂಳು ಕುಡಿದವರ ಮೈ ಹೇಗಾಗುತ್ತದೆ, ಕುಡಿಯದವರ ಮೈ ಹೇಗಿರುತ್ತದೆ ಅಂತ ನೋಡಬೇಕು. ಇಪ್ಪತ್ತು ವರ್ಷ ನಡೆಯಬೇಕಂತೆ, ಈಗ ಎಂಟು ಮುಗಿದಿದೆ. ಯಂತ್ರಗಳು ಬೆಂಗಳೂರಿನ ಕಾಲೇಜಿನವು, ಕ್ಯಾಂಪಿಗೆ ಜಾಗ ಹಳ್ಳಿಯ ಹಾಲಿನ ಡೇರಿಯದು, ಓಡಾಟ ನನ್ನದು ಮತ್ತು ಸೆಲ್ವಿಯದು.

ಸೆಲ್ವಿ ರಕ್ತ ತೆಗೆಯುವವಳು. ಚಾಂಪಿಯನ್ ರೀಫ್ಸ್‌ನಲ್ಲೇ ಹುಟ್ಟಿದವಳು, ಅಪ್ಪ ಗಣಿಯಲ್ಲಿ ದುಡಿದು ಕೆಮ್ಮಿ ಕೆಮ್ಮಿ ಸತ್ತ. ಹಳ್ಳಿಗಳು ನನ್ನ ಪಾಲು, ಲೈನುಗಳು ಅವಳ ಪಾಲು. ಕ್ಯಾಂಪಿನ ದಿನ ಮಾತ್ರ ಇಬ್ಬರೂ ಒಟ್ಟಿಗೆ ಇರುತ್ತೇವೆ: ನಾನು ಬೈದು ಕರೆತಂದವರನ್ನು ಅವಳು ನಗಿಸಿ ಕೂರಿಸಿ ಸೂಜಿ ಚುಚ್ಚುತ್ತಾಳೆ. ನಮ್ಮಿಬ್ಬರಿಗೆ ಜಗಳವಿಲ್ಲದ ದಿನವಿಲ್ಲ, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಟೀ ಕುಡಿದದ್ದೂ ಇಲ್ಲ.

ಬುಧವಾರ ಡೇರಿಯಲ್ಲಿ ಕ್ಯಾಂಪ್ ಆಗಿತ್ತು. ಶನಿವಾರ ಬೆಂಗಳೂರಿನಿಂದ ಡಾಕ್ಟರ್ ಸುಮಿತಾ ಫೋನ್ ಮಾಡಿದರು. ಅಧ್ಯಯನ ನಡೆಸುವವರು ಅವರೇ. ಸಾಮಾನ್ಯವಾಗಿ ಊಟ ಆಯಿತಾ ಅಂತ ಶುರು ಮಾಡುವವರು, ಅವತ್ತು ಅದನ್ನೂ ಕೇಳಲಿಲ್ಲ.

"ಶಶಿರೇಖ, ಬುಧವಾರ ರಕ್ತ ಕೊಟ್ಟ ಮುನಿನಾರಾಯಣಮ್ಮ ಹೇಗಿದ್ದಾರೆ? ಅವರ ಕಿಡ್ನಿ ಪೂರ್ತಿ ಕೆಟ್ಟಿದೆ. ಈ ರಿಪೋರ್ಟ್ ನೋಡಿದರೆ ಇನ್ನೊಂದು ವಾರ ತಡೆಯೋದೂ ಕಷ್ಟ. ಈಗಲೇ ಕರೆದುಕೊಂಡು ಬನ್ನಿ."

ಸೆಲ್ವಿಯನ್ನು ಸ್ಕೂಟರಿನ ಹಿಂದೆ ಹಾಕಿಕೊಂಡು ಹಳ್ಳಿಗೆ ಓಡಿದೆ. ಅಲ್ಲಿ ನೋಡಿದರೆ ಮುನಿನಾರಾಯಣಮ್ಮ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ತಪ್ಪಿಸಿಕೊಂಡ ಕರುವನ್ನು ಬೈಯುತ್ತಾ ಅದರ ಹಿಂದೆ ಓಡುತ್ತಿದ್ದಳು. ಸೆಲ್ವಿ ಮತ್ತೆ ರಕ್ತ ತೆಗೆದಳು. ಭಾನುವಾರ ಸಂಜೆ ಫಲಿತಾಂಶ ಬಂತು: ಕಲ್ಲುಗುಂಡಿನ ಹಾಗಿದ್ದಾಳೆ, ಏನೂ ಇಲ್ಲ.

"ಲ್ಯಾಬಿನಲ್ಲಿ ಅದಲುಬದಲಾಗಿರಬೇಕು ಮೇಡಂ," ಅಂದೆ.

"ಎರಡು ಸಲ ನೋಡಿಸಿದೆ. ನಮ್ಮಲ್ಲಿ ಏನೂ ಬದಲಾಗಿಲ್ಲ. ನನಗೆ ಆ ಯೋಚನೆ ಅಲ್ಲ ಶಶಿರೇಖ. ಅದು ಬೇರೆ ಯಾರದೋ ರಕ್ತ ಆಗಿದ್ದರೆ, ಅವರು ಯಾರು? ಎಲ್ಲಿದ್ದಾರೆ?"

ಆ ಪ್ರಶ್ನೆ ನನ್ನ ತಲೆಯಿಂದ ಇಳಿಯಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾವು ಎಮ್ಮೆಯನ್ನು ಚುಚ್ಚಿ ನೋಡುತ್ತಾ ಎರಡು ದಿನ ಕಳೆದಿದ್ದೆವು, ಎತ್ತು ಯಾವುದೋ ಕೊಟ್ಟಿಗೆಯಲ್ಲಿ ಸಾಯುತ್ತಿತ್ತು. ಸೋಮವಾರ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆಲ್ಲ ಮತ್ತೆ ಹೊರಟೆ. ದಾರಿಯಲ್ಲಿ ಹಿಂದೆ ಕೂತ ಸೆಲ್ವಿ ಮೆಲ್ಲಗೆ ಬಾಯಿ ಬಿಟ್ಟಳು.

"ಅಕ್ಕಾ, ಬುಧವಾರದ ಕೈ ಬೇರೆ. ಶನಿವಾರದ ಕೈ ಬೇರೆ."

ಬ್ರೇಕ್ ಹಾಕಿದೆ. "ಏನಂದೆ?"

"ಶನಿವಾರ ನರ ಸಿಗದೆ ಮೂರು ಸಲ ಚುಚ್ಚಿದೆ ಅಲ್ವಾ? ಬುಧವಾರ ಆ ಹೆಸರಿಗೆ ಬಂದೋರ ನರ ಹಗ್ಗದ ಥರ ಮೇಲೇ ಇತ್ತು. ಕೈಯಲ್ಲಿ ಮಾಂಸಾನೇ ಇಲ್ಲ. ಮುಖ ಮರೆತೋಗ್ತೀನಿ ಅಕ್ಕಾ, ನರ ಮರೆಯಲ್ಲ."

"ಇದನ್ನ ಶನಿವಾರವೇ ಬೊಗಳೋಕೆ ನಿನಗೇನಾಗಿತ್ತು?"

"ಡೌಟ್ ಇತ್ತು. ನಮ್ಮ ಕ್ಯಾಂಪ್ ಕಾರ್ಡ್ ಕೊಟ್ರು, ಹೆಸರು ಕೇಳಿದೆ, ಹೂಂ ಅಂದ್ರು. ನಿಮ್ಮ ಊರೋರ ಮುಖ ನಂಗೇನು ಗೊತ್ತು? ನೀನು ಎಲ್ಲೋಗಿದ್ದೆ?"

ಬುಧವಾರ ಆ ಹೊತ್ತಿಗೆ ನಾನು ನಡೆಯಲಾರದ ಮುದುಕನೊಬ್ಬನನ್ನು ಕರೆತರಲು ಹೋಗಿದ್ದೆ. ಸ್ಕೂಟರ್ ಮತ್ತೆ ಓಡಿಸಿದೆ. ಸಿಟ್ಟು ಯಾರ ಮೇಲೆ ಅಂತ ಗೊತ್ತಾಗದಿದ್ದರೆ ಆಕ್ಸಿಲರೇಟರಿನ ಮೇಲೆ ತೀರಿಸಿಕೊಳ್ಳುವುದು ನನ್ನ ಅಭ್ಯಾಸ.

ಮುನಿನಾರಾಯಣಮ್ಮ ಹಾಲು ಕರೆದು ಕ್ಯಾನಿಗೆ ಸುರಿಯುತ್ತಿದ್ದಳು. ನಮ್ಮನ್ನು ಕಂಡದ್ದೇ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಇನ್ನಾ ರಕ್ತ ಕೊಡಾಕಿಲ್ಲ ಕಣಮ್ಮಾ ಶಶಿ."

"ರಕ್ತ ಬೇಡ ಮುನಿನಾರಾಯಣಕ್ಕಾ. ಬುಧವಾರ ನಿಮ್ಮ ಕಾರ್ಡ್ ಯಾರ ಕೈಲಿ ಕೊಟ್ಟು ಕಳಿಸಿದ್ರಿ, ಅಷ್ಟು ಹೇಳಿ."

"ನಾನೇ ಬಂದಿದ್ದೆ."

"ಅಕ್ಕಾ, ಒಂದು ಜೀವ ಹೋಗ್ತದೆ."

ಅವಳು ಕ್ಯಾನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಅವತ್ತು ಮರೆತು ಕಾಪಿ ಕುಡಿದ್ಬಿಟ್ಟೆ ಕಣವ್ವಾ. ನೀನೇ ಏಳಿದ್ದಲ್ಲ, ಏನೂ ತಿನ್ಬಾರ್ದು, ಕುಡೀಬಾರ್ದು, ಕೆಟ್ಟೋಯ್ತದೆ ಅಂತ. ಎಂಟು ವರ್ಷದಿಂದ ಒಂದ್ಸಲಾನೂ ತಪ್ಪಿಸಿಲ್ಲ ನಾನು, ಬರ್ದೇ ಇದ್ರೆ ನಿನ್ ಕೈಲಿ ಉಗಿಸ್ಕೋಬೇಕು. ಕಳೆ ಕೀಳಾಕೆ ಮುತ್ಯಾಲಮ್ಮ ಬಂದಿದ್ಲು. ಏನಾದ್ರೂ ತಿಂದಿದ್ದೀಯೇನೇ ಅಂದೆ. ಇಲ್ಲ ಅಂದ್ಲು. ಸರಿ, ನೀನೇ ಓಗಿ ಕೊಟ್ಬಾ ಅಂದೆ. ನಿಮ್ಗೆ ತಿನ್ನದೆ ಇರೋರ ರಕ್ತ ಬೇಕಿತ್ತು, ಕಳಿಸ್ಕೊಟ್ಟೆ. ಅದ್ರಾಗೆ ಏನ್ ತಪ್ಪು?"

ಸೆಲ್ವಿ ಕೂತುಬಿಟ್ಟಳು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಇಷ್ಟು ಶ್ರದ್ಧೆಯಿಂದ ನಿಯಮ ಪಾಲಿಸಿದವರನ್ನು ನಾನು ಕಂಡಿಲ್ಲ.

ಮುತ್ಯಾಲಮ್ಮನ ಮನೆ ಆ ಊರಿನ ಕೊನೆಯಲ್ಲಿದೆ. ಅಧ್ಯಯನಕ್ಕೆ ಬರದ ಮನೆ. ಕಂಪ್ಯೂಟರ್ ಆರಿಸಿದ ಮನೆಗಳಿಗಷ್ಟೇ ನಾವು ಹೋಗಬೇಕು, ಪಕ್ಕದ ಬಾಗಿಲು ತಟ್ಟುವ ಹಾಗಿಲ್ಲ. ಆ ಬಾಗಿಲ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ, ಒಳಗಿರುವವರ ಮುಖ ಸರಿಯಾಗಿ ಗೊತ್ತಿರಲಿಲ್ಲ. ಅವತ್ತು ಬಾಗಿಲಿಗೆ ಬೀಗವಿತ್ತು.

ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಅಂಗಳ ಗುಡಿಸುತ್ತಿದ್ದಳು. "ಈಗ್ ತಾನೆ ಒಂಟೋದ್ಲು. ಬೆಂಗ್ಳೂರಾಗೆ ಕಟ್ಟಡದ ಕೆಲ್ಸ, ಮೇಸ್ತ್ರಿ ಕರ್ಕೊಂಡೋಗ್ತವ್ನೆ. ಬಂಗಾರಪೇಟೆ ರೈಲಿಗೆ. ಇನ್ನು ಹಬ್ಬಕ್ಕೇ ಬರೋದು."

"ಫೋನ್?"

"ಅವಳ್ತಾವ ಎಲ್ಲೈತಮ್ಮಾ ಫೋನು."

ಸ್ಕೂಟರ್ ತಿರುಗಿಸುತ್ತಲೇ ಡಾಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿದೆ. "ಆದರೆ ಮೇಡಂ, ಅವರು ನಮ್ಮ ಅಧ್ಯಯನದವರಲ್ಲ. ಯಾವ ಲೆಕ್ಕದಲ್ಲಿ ಕರೆತರಲಿ?"

"ಲೆಕ್ಕ ನನಗೆ ಬಿಡಿ. ಮೊದಲು ಅವರನ್ನು ಹಿಡಿಯಿರಿ. ಆಸ್ಪತ್ರೆಯಲ್ಲಿ ಬೆಡ್ಡಿಗೆ ಹೇಳ್ತೀನಿ."

ಬಂಗಾರಪೇಟೆಗೆ ಹೇಗೆ ಹೋದೆನೋ ದೇವರಿಗೇ ಗೊತ್ತು. ಹಿಂದಿನಿಂದ ಸೆಲ್ವಿ ತಮಿಳಿನಲ್ಲಿ ಮಾರಿಯಮ್ಮನನ್ನು ಕರೆಯುತ್ತಿದ್ದಳು, ನನ್ನ ಡ್ರೈವಿಂಗಿಗೆ ಹೆದರಿಯೋ ಮುತ್ಯಾಲಮ್ಮ ಸಿಗಲಿ ಅಂತಲೋ, ನಾನು ಕೇಳಲಿಲ್ಲ. ರೈಲು ಆಗಲೇ ಬಂದು ನಿಂತಿತ್ತು. ಆಫೀಸಿಗೆ ಹೋಗುವವರು, ಸೊಪ್ಪಿನ ಮೂಟೆಯವರು, ಕೂಲಿಗೆ ಹೋಗುವ ಹೆಂಗಸರ ಗುಂಪು. ನಾನು ಮೇಲ್ಸೇತುವೆ ಇಳಿಯುತ್ತಲೇ "ಮುತ್ಯಾಲಮ್ಮಾ!" ಅಂತ ಕೂಗಿದೆ. ನಾಲ್ಕಾರು ಜನ ತಿರುಗಿ ನೋಡಿದರು. ನಮ್ಮ ಕಡೆ ಆ ಹೆಸರಿಗೇನು ಬರ?

ಸೆಲ್ವಿ ಕೂಗಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಕಿಟಕಿ ಸರಳು ಹಿಡಿದ ಕೈಗಳು, ಚೀಲ ತಬ್ಬಿದ ಕೈಗಳು, ಬರೀ ಕೈ ನೋಡುತ್ತಾ ಬೋಗಿಯಿಂದ ಬೋಗಿಗೆ ಓಡಿದಳು. ಒಂದು ಬಾಗಿಲ ಬಳಿ ನಿಂತು ನನ್ನತ್ತ ಕೈ ಬೀಸಿದಳು.

ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದಳು ಮುತ್ಯಾಲಮ್ಮ. ತೊಡೆಯ ಮೇಲೆ ಬಟ್ಟೆಯ ಚೀಲ. ಕೈ ಕಡ್ಡಿ, ಕಾಲು ಮಾತ್ರ ಊದಿಕೊಂಡು ಕಾಲುಂಗುರ ಬೆರಳೊಳಗೆ ಹೂತಿತ್ತು. ಉಸಿರು ಮೇಲುಮೇಲೆ ಬರುತ್ತಿತ್ತು.

ಸೆಲ್ವಿಯ ಗುರುತು ಹತ್ತಿದ್ದೇ ಅವಳ ಮುಖ ಬಿಳಿಚಿತು. "ನಾನು ಬೇಕಂತ ಮಾಡ್ಲಿಲ್ಲ ತಾಯೀ. ಅವ್ರೇ ಓಗು ಅಂದ್ರು. ಸುಳ್ ಎಸ್ರು ಏಳ್ದೆ, ತಪ್ಪಾಯ್ತು."

"ಬೈಯೋಕೆ ಬಂದಿಲ್ಲಮ್ಮ. ಇಳಿಯಿರಿ. ನಿಮ್ಮ ಕಿಡ್ನಿ ಕೆಟ್ಟಿದೆ, ಆಸ್ಪತ್ರೆಗೆ ಹೋಗಬೇಕು."

"ಅದು ಮುನಿನಾರಾಯಣಮ್ಮೋರ ಎಸ್ರಿಗೆ ಕೊಟ್ಟಿದ್ದಲ್ವಾ? ಅವ್ರಿಗೆ ಏಳಿ."

ಒಳಗಿನಿಂದ ಮೇಸ್ತ್ರಿ ಕೂಗಿದ, "ಯಾರ್ರೀ ಅದು, ನಮ್ಮ ಕೂಲಿಯೋರನ್ನ ಇಳಿಸೋದು?" ರೈಲು ಕೂಗಿತು. ನಾನು ಕೈ ಹಿಡಿದೆ, ಅವಳು ಕೊಸರಿಕೊಂಡಳು. "ಬೆಂಗ್ಳೂರಿಗ್ ಓದ್ ಮೇಲೆ ತೋರ್ಸ್ಕೋತೀನಿ, ಬಿಡಮ್ಮಾ." ತಿಳಿಸಿ ಹೇಳುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಅವಳ ತೊಡೆಯ ಮೇಲಿದ್ದ ಚೀಲ ಕಿತ್ತು ಪ್ಲಾಟ್‌ಫಾರ್ಮಿನ ಮೇಲೆ ಎಸೆದುಬಿಟ್ಟೆ.

ಚೀಲದ ಹಿಂದೆಯೇ ಅವಳೂ ಇಳಿದಳು. ಸೆಲ್ವಿ ಸೊಂಟ ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದಳು. ರೈಲು ಹೊರಟಿತು. ಮುತ್ಯಾಲಮ್ಮ ಚೀಲ ತಬ್ಬಿಕೊಂಡು ನನಗೂ ನನ್ನ ವಂಶಕ್ಕೂ ತೆಲುಗಿನಲ್ಲಿ ಶಾಪ ಹಾಕಿದಳು. ಹಾಕಲಿ ಅಂತ ನಿಂತೆ.

ಸೆಲ್ವಿ ಅವಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಬೆನ್ನು ಸವರಿ, ಎಲ್ಲವನ್ನೂ ಬಿಡಿಸಿ ಹೇಳಿದಳು. ರಿಪೋರ್ಟ್ ಯಾರದು, ಡಾಕ್ಟರ್ ಯಾರು, ಕಾಲು ಯಾಕೆ ಊದಿದೆ, ಎಲ್ಲ. ಮುತ್ಯಾಲಮ್ಮನ ಬೈಗುಳ ನಿಂತಿತು.

"ಅಂಗಾದ್ರೆ ನಂಗೋಸ್ಕರನೇ ಬಂದ್ರಾ ಇಲ್ಲೀಗಂಟ?"

"ನಿಮಗೋಸ್ಕರವೇ," ಅಂದೆ.

"ನಮ್ಮನೆಗೂ ಬತ್ತೀರಿ ಅಂತ ಒಂದೊಂದ್ಸಲ ಬಾಗ್ಲಾಗೆ ನಿಂತ್ಕೊತಿದ್ದೆ," ಅಂದಳು.

ತಲೆ ತಗ್ಗಿಸಿಕೊಂಡು, ಆಸ್ಪತ್ರೆಗೆ ಹೋಗಲು ಕಾರಿಗೆ ಫೋನ್ ಮಾಡಿದೆ.

ಕಾರು ಬರುವ ತನಕ ಬಿ.ಪಿ. ನೋಡೋಣ ಅಂತ ಸೆಲ್ವಿ ಕಿಟ್ ತೆರೆದಳು. ಅದನ್ನು ಕಂಡ ಮುತ್ಯಾಲಮ್ಮ, ನಿಯಮ ಗೊತ್ತಿರುವವಳ ಹಾಗೆ, ಸೆರಗಿನಿಂದ ಮೊಣಕೈ ಒರೆಸಿ ಮುಂದೆ ಚಾಚಿದಳು. ಮುಖದಲ್ಲಿ ಮೊದಲ ಸಲ ಸಣ್ಣ ನಗು.

"ತಗೊಳ್ಳವ್ವಾ. ಇವತ್ತೂ ಏನೂ ತಿಂದಿಲ್ಲ. ರಾತ್ರೀನೂ ತಿಂದಿಲ್ಲ, ಅದು ಇನ್ನೂ ಒಳ್ಳೇದಲ್ವಾ?"

ಸೆಲ್ವಿ ನನ್ನ ಮುಖ ನೋಡಿದಳು. ಎಂಟು ವರ್ಷದಿಂದ ಕ್ಯಾಂಪಿನಲ್ಲಿ ಖಾಲಿ ಹೊಟ್ಟೆಯವರು ಮುಂದೆ ಬನ್ನಿ ಅಂತ ಕೂಗುವವಳು ನಾನೇ. ಚಾಚಿದ ಆ ಕೈಯನ್ನು ಮಡಚಿ ಅವಳ ತೊಡೆಯ ಮೇಲಿಟ್ಟು, ಸ್ಟೇಷನ್ನಿನ ಕ್ಯಾಂಟೀನಿಗೆ ಹೋಗಿ ಬಿಸಿ ಇಡ್ಲಿ ತಂದೆ.

"ಈ ಪರೀಕ್ಷೆಗೆ ತಿಂದೇ ಬರಬೇಕು," ಅಂದೆ. "ತಿನ್ನಿ."

ಅವಳು ನಂಬಲಿಲ್ಲ. ನಿಜವಾ ಅಂತ ಸೆಲ್ವಿಯನ್ನು ಕೇಳಿ, ಅವಳು ಹೂಂ ಅಂದ ಮೇಲೆ, ಮೊದಲ ತುತ್ತು ಮುರಿದಳು.